ತುಟಿಯ ತುಪ್ಪ

ತುಟಿಯನ್ನು ಕುರಿತು ನಮ್ಮ ಹಳೆಯ ಕವಿಗಳು ಆಡದ ಮಾತಿಲ್ಲ. ಮಾಗಿದ ತೊಂಡೆಹಣ್ಣು, ಹವಳ, ಮಾವಿನ ಎಳೆ ಚಿಗುರು—ಕೆಂಪಾದದ್ದು ಯಾವುದು ಕಣ್ಣಿಗೆ ಬಿದ್ದರೂ ಅವರಿಗೆ ತುಟಿಯ ನೆನಪಾಗುತ್ತಿತ್ತು. ಹನ್ನೊಂದು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿರುವ ನಾನು ‘ಬಿಂಬಾಧರೆ’ ಎಂಬ ಸಮಾಸವನ್ನು ಬಿಡಿಸಿ ಬಿಡಿಸಿ ನನ್ನ ತುಟಿಯನ್ನೇ ಒಣಗಿಸಿಕೊಂಡಿದ್ದೇನೆ. ಆದರೆ ಧನುರ್ಮಾಸದ ಗಾಳಿ ಬೀಸತೊಡಗಿದರೆ ಆ ಬಿಂಬಾಧರವೂ ಬಿರಿಯುತ್ತದೆ, ಸಿಪ್ಪೆ ಏಳುತ್ತದೆ, ಮೈಮರೆತು ನಕ್ಕರೆ ಒಂದು ಹನಿ ರಕ್ತವೂ ಒಸರುತ್ತದೆ ಎಂಬ ಸರಳ ಸತ್ಯವನ್ನು ಹೇಳಿದ ಕವಿಯನ್ನು ನಾನಿನ್ನೂ ಕಂಡಿಲ್ಲ. ಅದನ್ನು ಹೇಳುವ ಕೆಲಸವನ್ನು ಅವರು ನನ್ನಂತಹ ಗದ್ಯದವರಿಗೆ ಬಿಟ್ಟರೆಂದು ತೋರುತ್ತದೆ.

ನಾವು ಇರುವುದು ಬೆಂಗಳೂರಿನ ಬಿಟಿಎಂ ಲೇಔಟಿನ ಎರಡನೆಯ ಹಂತದಲ್ಲಿ, ಒಂದು ಬಾಡಿಗೆಯ ಮನೆಯ ಮಹಡಿಯ ಮೇಲೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳನ್ನು ಪೋಣಿಸಿ ಈ ಬಡಾವಣೆಗೆ ಹೆಸರಿಟ್ಟರು. ಭೈರವನೂ ತಾವರೆಯೂ ಮಡಿವಾಳನೂ ಸೇರಿ ಮೂರು ಇಂಗ್ಲಿಷ್ ಅಕ್ಷರಗಳಾದ ಕಥೆಯನ್ನು ಇಲ್ಲಿ ಬಾಡಿಗೆಗೆ ಬರುವ ಹುಡುಗರಿಗೆ ಹೇಳಿದರೆ ಅವರು ನಗುತ್ತಾರೆ. ಮಡಿವಾಳದ ಕೆರೆಯ ಕಡೆಯಿಂದ ಬರುವ ಬೆಳಗಿನ ಕುಳಿರ್ಗಾಳಿ ಮಾತ್ರ ಇಂಗ್ಲಿಷ್ ಕಲಿತಿಲ್ಲ. ಡಿಸೆಂಬರು ಬಂದೊಡನೆ ಅದು ಹಳೆಯ ಪದ್ಧತಿಯಂತೆಯೇ ತುಟಿಯನ್ನು ಸೀಳುತ್ತದೆ.

ಹಿಂದಿನ ಮಾಗಿಯಲ್ಲಿ ಒಂದು ದಿನ, ಒಣ ಕಸ ಕೊಡುವ ಬೆಳಗ್ಗೆ, ನಾನು ಚೀಲವನ್ನು ಹಿಡಿದು ಕೆಳಗಿಳಿದೆ. ನಮ್ಮ ಬೀದಿಯ ಕಸವನ್ನು ಒಯ್ಯುವ ಪೌರಕಾರ್ಮಿಕ ಹೆಂಗಸು ಬಲು ನಿಷ್ಠುರದವರು. ಚೀಲವನ್ನು ಹಾಗೆಯೇ ಗಾಡಿಗೆ ಎಸೆಯುವವರಲ್ಲ. ಬಾಯಿ ಬಿಚ್ಚಿ ನೋಡುವವರು. ಅಂದು ಅವರ ಕೈಗೆ ಬೆರಳಿನಷ್ಟುದ್ದದ ಒಂದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕೊಳವೆ ಸಿಕ್ಕಿತು. ನನ್ನ ಮಗಳ ಲಿಪ್ ಬಾಮ್. ಮುಗಿದಿತ್ತು; ಆದರೆ ತಳದಲ್ಲಿ ಇನ್ನಷ್ಟು ಜಿಡ್ಡು ಉಳಿದಿತ್ತು.

“ಸಾರ್, ಇದನ್ನ ಯಾವುದಕ್ಕೆ ಹಾಕೋದು? ನೀವೇ ಹೇಳಿ” ಎಂದರು.

“ಪ್ಲಾಸ್ಟಿಕ್ಕಲ್ಲವೇನಮ್ಮ, ಒಣ ಕಸವೇ” ಎಂದೆ.

“ಜಿಡ್ಡಿದೆ ಸಾರ್. ತೊಳೆದರೂ ಹೋಗಲ್ಲ. ಇಷ್ಟು ಸಣ್ಣದನ್ನ ಯಾರೂ ತಗೊಳಲ್ಲ. ಹಾಲಿನ ಕವರಾದ್ರೆ ಕೊಡಿ, ಅದಕ್ಕೆ ಗಿರಾಕಿ ಇದಾರೆ” ಎಂದು ಹೇಳಿ, ಅದನ್ನು ನನ್ನ ಅಂಗೈಯಲ್ಲಿಟ್ಟು, ಮುಂದಿನ ಮನೆಗೆ ನಡೆದರು. ಮಾತನಾಡುವಾಗ ಅವರ ಕೆಳದುಟಿಯ ನಡುವೆ ಒಂದು ಆಳವಾದ ಬಿರುಕನ್ನು ಕಂಡೆ. ನಸುಕಿನ ಐದು ಗಂಟೆಯಿಂದ ಚಳಿಯಲ್ಲಿ ನಿಂತವರ ತುಟಿ ಅದು. ಅವರ ತುಟಿಗೆ ಯಾವ ಮುಲಾಮೂ ಇರಲಿಲ್ಲ; ನಮ್ಮ ತುಟಿಗಳ ಮುಲಾಮಿನ ಅವಶೇಷ ಮಾತ್ರ ಅವರ ಕೈಯಲ್ಲಿತ್ತು.

ಮಹಡಿ ಏರುವಾಗ ಆ ಪ್ರಶ್ನೆಯೂ ನನ್ನ ಜೊತೆಯಲ್ಲಿ ಮೆಟ್ಟಿಲೇರಿತು. ಈ ನಗರದ ಕಸಕ್ಕೆ ಒಂದು ಇತಿಹಾಸವಿದೆ. 2012ರಲ್ಲಿ ಮಾವಳ್ಳಿಪುರದ ತಿಪ್ಪೆಯನ್ನು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಬಿದ್ದಿತ್ತು. ಆಮೇಲೆ ಆ ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. ನಮ್ಮ ಮನೆಯ ಗಲೀಜನ್ನು ತಮ್ಮ ಬಾವಿಯ ಪಕ್ಕದಲ್ಲಿ ಏಕೆ ಸುರಿಯುತ್ತೀರಿ ಎಂದು ಅಲ್ಲಿಯ ಜನ ರಸ್ತೆಗಿಳಿದು ಕೇಳಿದರು. 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದೂ ನಿಂತಿತು. ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಕೊಡತಕ್ಕದ್ದೆಂದು ಹೈಕೋರ್ಟು ಅಪ್ಪಣೆ ಮಾಡಿದ್ದು 2015ರ ಡಿಸೆಂಬರಿನಲ್ಲಿ. ಎರಡು ಬುಟ್ಟಿ, ಒಂದು ಚೀಲ: ಹಸಿಗೆ ಹಸಿರು ಬುಟ್ಟಿ, ಯಾರಿಗೂ ಬೇಡವಾದದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2016ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ಕಿನ ಚಮಚ, ಲೋಟ, ಹೀರುಕೊಳವೆಗಳಿಗೂ, ಕಿವಿಯ ಹತ್ತಿಯ ಪ್ಲಾಸ್ಟಿಕ್ ಕಡ್ಡಿಗೂ ನಿಷೇಧ ಬಂದಿತು. ಕಿವಿಯ ಕಡ್ಡಿಯನ್ನು ಹಿಡಿದ ಕಾನೂನು, ಅಲ್ಲಿಂದ ನಾಲ್ಕು ಬೆರಳು ಈಚೆಗಿರುವ ತುಟಿಯ ಕೊಳವೆಯನ್ನು ಕಾಣಲಿಲ್ಲ. ಕಾನೂನಿಗೂ ಬೇಡ, ಗುಜರಿಗೂ ಬೇಡ, ಮಣ್ಣಿಗಂತೂ ಬೇಡವೇ ಬೇಡ. ಅದಕ್ಕೆ ಉಳಿದದ್ದು ಕೆಂಪು ಬುಟ್ಟಿ.

ಹಾಲಿನ ಲಕೋಟೆ ಅಗಲವಾದ ಒಂದೇ ಜಾತಿಯ ಹಾಳೆ. ತೊಳೆದು ಒಣಗಿಸಿದರೆ ಕೊಳ್ಳುವವರುಂಟು. ಆದರೆ ಈ ಕೊಳವೆಯನ್ನು ಬಿಡಿಸಿ ನೋಡಿದರೆ ಒಂದು ಸಣ್ಣ ಯಂತ್ರಶಾಲೆಯೇ ಇದೆ. ಮುಚ್ಚಳ, ಹೊರಗಿನ ಕೊಳವೆ, ಮುಲಾಮನ್ನು ಹೊತ್ತ ಬಟ್ಟಲು, ಅದನ್ನು ಮೇಲೆತ್ತುವ ತಿರುಪಿನ ಕಡ್ಡಿ, ಮೇಲೊಂದು ಬಣ್ಣದ ಪೊರೆ. ಒಳಗಿದ್ದ ಮುಲಾಮು ನಾಲ್ಕು ಗ್ರಾಂ ಚಿಲ್ಲರೆ ಎಂದು ಪೊರೆಯ ಮೇಲೆ ಅಚ್ಚಾಗಿತ್ತು. ಕುತೂಹಲಕ್ಕೆ ಖಾಲಿ ಕೊಳವೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. ಅದೇ ಹೆಚ್ಚು ತೂಗಿತು. ಮೂಗಿಗಿಂತ ಮೂಗುತಿ ಭಾರ!

ಕೂಡಲೇ ಮನೆಯಲ್ಲಿ ಒಂದು ಉಪನ್ಯಾಸವಾಯಿತು. ಅಧ್ಯಾಪಕನ ಮನೆಯವರ ಕಷ್ಟ ಇತರರಿಗೆ ತಿಳಿಯದು. ಅವರಿಗೆ ಹಾಜರಾತಿ ಕಡ್ಡಾಯ. ಮೇಜಿನ ಸೆಳೆಖಾನೆ, ಕನ್ನಡಿಯ ಹಿಂದು, ಕೈಚೀಲದ ಮಡಿಕೆ ಎಲ್ಲವನ್ನೂ ಶೋಧಿಸಿ ಒಂಬತ್ತು ಕೊಳವೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಮಗಳದು ನಾಲ್ಕು, ನನ್ನಾಕೆಯದು ಮೂರು. “ಇನ್ನೆರಡು ಯಾರದು?” ಎಂದು ಗದರಿಸಿದೆ.

“ನಿಮ್ಮವೇ ರೀ. ಒಂದು ನಿಮ್ಮ ಕೋಟಿನ ಜೇಬಿನಲ್ಲಿತ್ತು, ಇನ್ನೊಂದು ಸ್ಕೂಟರಿನ ಪೆಟ್ಟಿಗೆಯಲ್ಲಿ” ಎಂದಳು ನನ್ನಾಕೆ, ತಲೆಯೆತ್ತದೆ. ಆಮೇಲೆ ಎದ್ದು ಹೋಗಿ ನನ್ನ ಓದುವ ಕೋಣೆಯಿಂದ ಒಂದು ಬಿಸ್ಕತ್ತಿನ ಡಬ್ಬಿಯನ್ನು ತಂದು ಅದೇ ಮೇಜಿನ ಮೇಲೆ ಬೋರಲು ಹಾಕಿದಳು. ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಬರಿದಾದ ಕೆಂಪು ಬಾಲ್‌ಪೆನ್ನುಗಳು. ಮಗಳು ಎಣಿಸಿದಳು: ನಲವತ್ತಮೂರು.

“ಇವನ್ನು ಯಾವುದಕ್ಕೆ ಹಾಕೋದು ಅಂತ ಅವರನ್ನ ಕೇಳಿದ್ರಾ?” ಎಂದಳು.

ಉಪನ್ಯಾಸ ಅಲ್ಲಿಗೆ ಮುಗಿಯಿತು. ಪರರ ತುಟಿಯ ಮೇಲಿನ ದೋಷ ಎಷ್ಟು ಬೇಗ ಕಾಣುತ್ತದೆ, ನಮ್ಮ ಬೆರಳಿನ ನಡುವಿನದು ಎಷ್ಟು ತಡವಾಗಿ! ಅಂದಿನಿಂದ ನಾನು ಶಾಯಿಯ ಪೆನ್ನಿಗೆ ಹಿಂದಿರುಗಿದ್ದೇನೆ. ಕೆಂಪು ಶಾಯಿಯ ಒಂದು ಗಾಜಿನ ಸೀಸೆ ಪರೀಕ್ಷೆಯ ಕಾಲವನ್ನೆಲ್ಲ ದಾಟಿಸುತ್ತದೆ. ಆ ದಂಡವನ್ನು ತೆತ್ತ ಮೇಲೆಯೇ ತುಟಿಯ ವಿಚಾರವನ್ನೆತ್ತುವ ಅಧಿಕಾರ ನನಗೆ ಬಂದದ್ದು.

ತುಟಿಗೇಕೆ ಮುಲಾಮು ಬೇಕು? ಮೈಯ ಉಳಿದ ಚರ್ಮಕ್ಕೆ ತನ್ನದೇ ಜಿಡ್ಡನ್ನು ಒಸರುವ ಗ್ರಂಥಿಗಳಿವೆ. ತುಟಿಯ ಕೆಂಪು ಭಾಗದಲ್ಲಿ ಅವು ಇಲ್ಲವೆನ್ನಬಹುದು. ಚರ್ಮವೂ ಬಲು ತೆಳು. ಒಣಗಾಳಿ ಅದರ ತೇವವನ್ನು ಹೀರುತ್ತದೆ. ನಾವು ನಾಲಿಗೆಯಿಂದ ಸವರಿಕೊಂಡರೆ ಆ ಎಂಜಲು ಆರುವಾಗ ಇದ್ದ ತೇವವನ್ನೂ ಕೊಂಡೊಯ್ಯುತ್ತದೆ. ಆದ್ದರಿಂದ ಮೇಣ ಅಥವಾ ಕೊಬ್ಬಿನ ಒಂದು ತೆಳುವಾದ ಮುಚ್ಚಿಗೆ ಬೇಕು. ಅಷ್ಟೇ. ಇದಕ್ಕೆ ಪ್ಲಾಸ್ಟಿಕ್ಕಿನ ನೆರವು ಮೊದಲಿನಿಂದ ಇದ್ದದ್ದೂ ಅಲ್ಲ. ಅಮೆರಿಕದ ಚೀಸ್‌ಬ್ರೋ ಎಂಬವನು ಕಲ್ಲೆಣ್ಣೆಯ ಮಡ್ಡಿಯಿಂದ ತೆಗೆದ ವ್ಯಾಸಲೀನಿಗೆ 1872ರಲ್ಲಿ ಹಕ್ಕುಪತ್ರ ಪಡೆದ. ಅದೇ ದೇಶದ ವರ್ಜೀನಿಯದಲ್ಲಿ ಫ್ಲೀಟ್ ಎಂಬ ವೈದ್ಯ 1880ರ ದಶಕದಲ್ಲಿ ತುಟಿಯ ಮುಲಾಮಿನ ಕಡ್ಡಿಯನ್ನು ಮಾಡಿ ಮಾರಿದಾಗ ಅದು ಬತ್ತಿಯಿಲ್ಲದ ಪುಟ್ಟ ಮೇಣದ ಬತ್ತಿಯಂತಿತ್ತು. ತವರದ ತೆಳು ಹಾಳೆಯಲ್ಲಿ ಸುತ್ತಿಟ್ಟಿದ್ದ. ತಿರುಪಿನ ಪ್ಲಾಸ್ಟಿಕ್ ಕೊಳವೆ ಬಂದದ್ದು ಆಮೇಲೆ. ತುಟಿಗೆ ಬೇಕೆಂದಲ್ಲ, ಬೆರಳಿಗೆ ಜಿಡ್ಡು ಬೇಡವೆಂದು.

ಹೀಗೆ ಜ್ಞಾನವನ್ನು ಸಂಪಾದಿಸಿ, ಪ್ಲಾಸ್ಟಿಕ್ಕಿಲ್ಲದ ಮುಲಾಮನ್ನು ಅರಸುತ್ತ ಮಗಳೊಡನೆ ಜಯನಗರದ ನಾಲ್ಕನೆಯ ಬ್ಲಾಕಿನ ಅಂಗಡಿಗಳನ್ನು ಸುತ್ತಿದೆ. ಎರಡು ಬಗೆ ಸಿಕ್ಕವು. ಒಂದು ರಟ್ಟಿನ ಕೊಳವೆಯದು. ತಳವನ್ನು ಹೆಬ್ಬೆರಳಿನಿಂದ ಒತ್ತಿದರೆ ಮುಲಾಮು ಮೇಲೇಳುತ್ತದೆ. ಇನ್ನೊಂದು ಕಾಸಿನಗಲದ ತಗಡಿನ ಡಬ್ಬಿಯದು. ರಟ್ಟಿನದನ್ನು ಕೊಂಡೆವು. ಮನೆಗೆ ಬಂದು ನೋಡಿದರೆ ಅದರ ಮೇಲೆಯೇ ಒಂದು ಪ್ಲಾಸ್ಟಿಕ್ ಪೊರೆ ಬಿಗಿದಿತ್ತು! ಪರಿಸರದ ಹೆಸರು ಹೇಳಿ ನಮ್ಮ ಮೂಗಿಗೆ ತುಪ್ಪ ಸವರಿದ್ದರು. ಅದೂ ಹೋಗಲಿ ಎಂದುಕೊಂಡೆ. ಮಾಗಿಯೆಲ್ಲ ಚೆನ್ನಾಗಿಯೇ ನಡೆಯಿತು. ಚೈತ್ರದ ಒಂದು ಮಧ್ಯಾಹ್ನ ಸ್ಕೂಟರಿನ ಪೆಟ್ಟಿಗೆಯಲ್ಲಿ ಮರೆತುಬಿಟ್ಟೆ. ಸಂಜೆ ತೆಗೆದರೆ ರಟ್ಟು ಎಣ್ಣೆ ಕುಡಿದು ಮೆತ್ತಗಾಗಿತ್ತು. ಹದಿನೈದು ಉತ್ತರಪತ್ರಿಕೆಗಳಿಗೆ ತುಟಿಯ ಮುಲಾಮಿನ ಲೇಪನವಾಗಿತ್ತು. ಆದರೂ ಅದರ ಒಂದು ಗುಣವನ್ನು ಹೇಳಲೇಬೇಕು. ಹರಿದು ಗೊಬ್ಬರದ ಕುಂಡಕ್ಕೆ ಹಾಕಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಹುಡುಕಿದರೂ ಸಿಗಲಿಲ್ಲ. ಪೊರೆ ಮಾತ್ರ ಕೆಂಪು ಬುಟ್ಟಿಗೇ ಹೋಯಿತು.

ಆಮೇಲೆ ತಗಡಿನ ಡಬ್ಬಿಯನ್ನು ತಂದೆವು. ಅದು ಗಟ್ಟಿಮುಟ್ಟು; ಬರಿದಾದರೆ ಗುಂಡಿ, ಸೂಜಿಗಳನ್ನಿಡಲು ಬರುತ್ತದೆ; ಸವೆದರೆ ಗುಜರಿಯವನೂ ಬೇಡವೆನ್ನುವುದಿಲ್ಲ. ಆದರೆ ಮಗಳಿಗೆ ಅದರಲ್ಲಿ ಬೆರಳಿಡುವುದೆಂದರೆ ಅಸಹ್ಯ. “ಅಪ್ಪ, ನಿಮ್ಮ ಬೆರಳಲ್ಲಿ ಸೀಮೆಸುಣ್ಣ ಇರುತ್ತೆ. ಅಜ್ಜಿಯ ಹಾಗೆ ನನಗೇ ಅಂತ ಬೇರೆ ಭರಣಿ ಇದ್ದಿದ್ದರೆ ಹಚ್ಚಿಕೊಳ್ಳುತ್ತಿದ್ದೆ” ಎಂದಳು.

ಆ ಮಾತಿಗೆ ನನ್ನಾಕೆ ನನ್ನ ಮುಖವನ್ನು ನೋಡಿದಳು. ನಾನು ಕಿಟಕಿಯ ಕಡೆಗೆ ನೋಡಿದೆ.

ನನ್ನ ತಾಯಿ ಸಾಗರದ ಕಡೆಯವರು. ಊರಿನ ತೋಟದಂಚಿನಲ್ಲಿ ಎರಡು ಮುರುಗಲು ಮರಗಳಿದ್ದವು. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವುದು ಇದನ್ನೇ. ಬೇಸಗೆಯ ಕೊನೆಗೆ ಹಣ್ಣು ಕೆಂಪೇರುತ್ತದೆ. ಸಿಪ್ಪೆಯನ್ನು ಒಣಗಿಸಿದರೆ ವರ್ಷದ ಹುಳಿಗೂ ಪಾನಕಕ್ಕೂ ಆಯಿತು. ಬೀಜವನ್ನು ಒಣಗಿಸಿ, ಜಜ್ಜಿ, ನೀರಿನಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ. ಅದನ್ನು ತೆಗೆದು ಆರಿಸಿ ಕೈಯಲ್ಲಿ ಉಂಡೆ ಕಟ್ಟಿದರೆ ಅದೇ ಮುರುಗಲ ತುಪ್ಪ. ಉಳಿದ ಚರಟ ತೆಂಗಿನ ಬುಡಕ್ಕೆ. ಕೆಂಪು ಬುಟ್ಟಿಗೆ ಹಾಕುವಂತಹದು ಆ ವ್ಯವಹಾರದಲ್ಲಿ ಏನೂ ಇರಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗಿ ಹರಿಯುತ್ತದೆ. ಮುರುಗಲ ತುಪ್ಪಕ್ಕೆ ಹೆಚ್ಚುಕಡಿಮೆ 40 ಡಿಗ್ರಿ ಬೇಕು. ಅದಕ್ಕೇ ಅದು ಕಪಾಟಿನಲ್ಲಿ ಕಲ್ಲಿನಂತಿದ್ದು, ಬೆರಳಿನ ಬಿಸಿಗೆ ಉಜ್ಜಿದರೆ ಮೆತ್ತಗಾಗುತ್ತದೆ. ಒಡೆದ ಹಿಮ್ಮಡಿಗೂ ಬಿರಿದ ತುಟಿಗೂ ಮಲೆನಾಡಿನವರಿಗೆ ಅದೇ ಮದ್ದು.

ಅಮ್ಮ ಪ್ರತಿ ಮಾಗಿಯಲ್ಲೂ ನಮ್ಮಲ್ಲಿಗೆ ಬರುವಾಗ ಒಂದು ಉಂಡೆಯನ್ನು ಒಣ ಬಾಳೆಲೆಯಲ್ಲಿ ಸುತ್ತಿ ತರುತ್ತಿದ್ದಳು. ತನ್ನ ಪಾಲಿನದನ್ನು ಒಂದು ಬೆಳ್ಳಿಯ ಭರಣಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟ ಕುಂಕುಮದ ಭರಣಿ ಅದು. ನಾನು ಎಂ.ಎ. ಓದುತ್ತಿದ್ದಾಗ ಅಪ್ಪ ತೀರಿಕೊಂಡರು. ಭರಣಿ ಬರಿದಾಯಿತು. ಕೆಲವು ತಿಂಗಳಾದ ಮೇಲೆ ಅದರಲ್ಲಿ ಮುರುಗಲ ತುಪ್ಪವನ್ನು ಕಂಡೆ. ಏಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಎಂಟು ವರ್ಷದ ಹಿಂದಿನ ಮಾತು. ಮನೆಗೆ ನನ್ನ ಸಹೋದ್ಯೋಗಿಗಳಿಬ್ಬರು ಬಂದಿದ್ದರು. ಅಮ್ಮ ಪಡಸಾಲೆಯ ಮೂಲೆಯಲ್ಲಿ ಕುಳಿತು, ಭರಣಿಯನ್ನು ತೆರೆದು, ತುಟಿಗೂ ಹಿಮ್ಮಡಿಗೂ ಹಚ್ಚಿಕೊಳ್ಳುತ್ತಿದ್ದಳು. ಆ ತುಪ್ಪಕ್ಕೆ ಹೊಗೆಯ ಒಂದು ಮಂದವಾದ ವಾಸನೆಯಿತ್ತು. ಬಂದವರು ಏನೂ ಅಂದುಕೊಳ್ಳಲಿಲ್ಲ, ನನಗೇ ನಾಚಿಕೆಯಾಯಿತು. ಮರುದಿನ ಔಷಧಿಯ ಅಂಗಡಿಯಿಂದ ಒಂದು ಲಿಪ್ ಬಾಮ್ ತಂದು ಅವಳ ಕೈಗಿತ್ತು, “ಇನ್ನು ಮೇಲೆ ಇದನ್ನು ಹಚ್ಚಿಕೋ ಅಮ್ಮ. ಆ ತುಪ್ಪ ವಾಸನೆ ಬರುತ್ತೆ” ಎಂದೆ. ಅವಳು ಅದನ್ನು ತಿರುಗಿಸಿ ನೋಡಿ, “ಎಷ್ಟು ಚೆಂದ ಇದೆಯೋ” ಎಂದಳು. ಆಮೇಲೆ ನನ್ನ ಮನೆಯಲ್ಲಿ ಅವಳು ಆ ಭರಣಿಯನ್ನು ನನ್ನೆದುರು ತೆರೆದದ್ದನ್ನು ನಾನು ಕಾಣೆ. ಕೊಟ್ಟದ್ದನ್ನು ಬಳಸುತ್ತಿರುವಳೆಂದು ತಿಳಿದು ಸಂತೋಷಪಟ್ಟೆ. ಮಗುವಾಗಿದ್ದ ನನ್ನ ಮಗಳಿಗೆ ಮಾತ್ರ ಭರಣಿಯ ಗುಟ್ಟು ತಿಳಿದಿತ್ತು. ಅಜ್ಜಿ ಮೊಮ್ಮಗಳು ಕೋಣೆಯ ಬಾಗಿಲು ಮುಚ್ಚಿಕೊಂಡು ಹಚ್ಚಿಕೊಳ್ಳುತ್ತಿದ್ದರಂತೆ.

ಅಮ್ಮ ಹೋಗಿ ಮೂರು ವರ್ಷವಾಯಿತು. ಅವಳ ಟ್ರಂಕು ನಮ್ಮ ಅಟ್ಟದ ಮೇಲಿದೆ. ಮಗಳು ಆ ಮಾತನ್ನಾಡಿದ ರಾತ್ರಿ ನಾನೂ ನನ್ನಾಕೆಯೂ ಅದನ್ನು ಇಳಿಸಿ ತೆರೆದೆವು. ಸೀರೆಗಳ ನಡುವೆ ಭರಣಿ ಇತ್ತು. ತಳದಲ್ಲಿ ತುಪ್ಪದ ಗೀರು. ಅಂಚಿನ ಸಂದಿನಲ್ಲಿ, ಎಷ್ಟು ತೊಳೆದರೂ ಹೋಗದ ಕುಂಕುಮದ ಒಂದು ಕೆಂಪು ಗೆರೆ. ಅದರ ಪಕ್ಕದಲ್ಲಿ ಕರವಸ್ತ್ರದಲ್ಲಿ ಸುತ್ತಿದ್ದ ನನ್ನ ಲಿಪ್ ಬಾಮ್ ಇತ್ತು. ಮುಚ್ಚಳದ ಮೇಲಿನ ಪೊರೆಯನ್ನೂ ಬಿಚ್ಚಿರಲಿಲ್ಲ. ಬಳಸುವ ಅವಧಿ ತೀರಿ ವರ್ಷಗಳಾಗಿದ್ದವು.

ನಾನು ಬಹಳ ಹೊತ್ತು ಮಾತನಾಡಲಿಲ್ಲ. ನನ್ನಾಕೆ ಭರಣಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಅನುಮಾನಿಸಿದಳು. ಅವಳ ಅನುಮಾನ ನನಗೆ ಅರ್ಥವಾಯಿತು. ವಿಧವೆಯ ಭರಣಿಯನ್ನು ಮುತ್ತೈದೆಯರು ಎತ್ತಿಕೊಳ್ಳಲು ಹಿಂಜರಿಯುವ ಸಂಪ್ರದಾಯದಲ್ಲಿ ಬೆಳೆದವಳು ಅವಳು. ಆದರೆ ಅವಳೇ ಕೊನೆಗೆ, “ಅತ್ತೆ ಇದನ್ನ ಬರಿದಾಗಿ ಇಡಲಿಲ್ಲವಲ್ಲ. ನಾವ್ಯಾಕೆ ಬರಿದಾಗಿ ಇಡೋಣ” ಎಂದಳು.

ಊರಿಗೆ ಹೇಳಿಕಳುಹಿಸಿ ಮುರುಗಲ ತುಪ್ಪವನ್ನು ತರಿಸಿದೆವು. ಅಲ್ಲಿಯೇ ಜೇನು ಸಾಕುವವರೊಬ್ಬರು ಅಷ್ಟು ಮೇಣವನ್ನೂ ಕೊಟ್ಟರು. ಬೇಕೆನ್ನುವ ವಾಚಕರಿಗಾಗಿ ಅಳತೆಯನ್ನೂ ಬರೆದುಬಿಡುತ್ತೇನೆ: ಮೇಣ 10 ಗ್ರಾಂ, ಮುರುಗಲ ತುಪ್ಪ 10 ಗ್ರಾಂ, ಕೊಬ್ಬರಿ ಎಣ್ಣೆ 20 ಗ್ರಾಂ. ನೀರು ಕಾಯುತ್ತಿರುವ ಪಾತ್ರೆಯೊಳಗೆ ಒಂದು ಸಣ್ಣ ಬಟ್ಟಲನ್ನಿಟ್ಟು ಮೊದಲು ಮೇಣವನ್ನು ಕರಗಿಸಬೇಕು. ಅದು ಕರಗಲು 60 ಡಿಗ್ರಿಯ ಮೇಲಾಗಬೇಕು. ಆಮೇಲೆ ಉಳಿದೆರಡನ್ನು ಬೆರೆಸಿ, ಬಿಸಿಯಿರುವಾಗಲೇ ಡಬ್ಬಿಗೆ ಸುರಿದು ಅಲುಗಿಸದೆ ಬಿಟ್ಟರೆ ಹೆಪ್ಪುಗಟ್ಟುತ್ತದೆ. ನೀರಿನ ಹನಿ ಬೀಳದಂತೆ ನೋಡಿಕೊಂಡರೆ ಆಯಿತು. ಭರಣಿ ತುಂಬಿತು, ಅಂಗಡಿಯ ಹಳೆಯ ತಗಡಿನ ಡಬ್ಬಿಯೂ ತುಂಬಿತು. ಭರಣಿ ಮಗಳದು. ಸೀಮೆಸುಣ್ಣದ ಬೆರಳಿಗೆ ಡಬ್ಬಿ.

ಒಂದು ಕೊಳವೆ ಕಡಿಮೆಯಾದರೆ ಈ ಮಹಾನಗರದ ಕಸ ಕಡಿಮೆಯಾಗುವುದೇ ಎಂದು ಯಾರಾದರೂ ಕೇಳಬಹುದು. ಇಲ್ಲ. ನಮ್ಮ ಚೀಲದಲ್ಲಿಯೇ ಹಾಲಿನ ಲಕೋಟೆಗಳ ಮುಂದೆ ಅದು ಲೆಕ್ಕಕ್ಕಿಲ್ಲ. ಆದರೆ ದೊಡ್ಡದಕ್ಕೆ ಗಿರಾಕಿಗಳಿದ್ದಾರೆ, ಕಾನೂನುಗಳಿವೆ, ಚಳುವಳಿಗಳಿವೆ. ಸಣ್ಣದಕ್ಕೆ ಯಾರೂ ಇಲ್ಲ. ಬೀದಿಯಲ್ಲಿ ಅದನ್ನು ಹೆಕ್ಕುವ ಕೈ ಇಲ್ಲವಾದ್ದರಿಂದ ಮನೆಯ ಹೊಸ್ತಿಲಲ್ಲೇ ಅದನ್ನು ತಡೆಯಬೇಕು. ತಂದ ಮೇಲೆ ಯಾವುದಕ್ಕೆ ಹಾಕುವುದೆಂದು ಕೇಳುವುದಕ್ಕಿಂತ, ತರುವ ಮುನ್ನ ಕೇಳಿಕೊಳ್ಳುವುದು ಸುಲಭ. ಆ ಪ್ರಶ್ನೆಯನ್ನು ಅಂಗಡಿಯಲ್ಲಿ ನಾವು ಕೇಳಿಕೊಳ್ಳದಿದ್ದರೆ, ನಸುಕಿನ ಚಳಿಯಲ್ಲಿ ಬಿರಿದ ತುಟಿಯ ಇನ್ನೊಬ್ಬರು ಕೇಳಬೇಕಾಗುತ್ತದೆ.

ಈ ಮಾಗಿಯಲ್ಲಿ ನಮ್ಮ ಚೀಲದಲ್ಲಿ ಕೊಳವೆಯಿಲ್ಲ. ಎರಡನೆಯ ಬಾರಿ ತುಪ್ಪ ಕಾಸಿದಾಗ ಒಂದು ಡಬ್ಬಿ ಹೆಚ್ಚಾಯಿತು. ನನ್ನಾಕೆ ಅದನ್ನು ಕೆಳಗೆ ಒಯ್ದು ಆ ನಿಷ್ಠುರದ ಹೆಂಗಸಿಗೆ ಕೊಟ್ಟು ಬಂದಳು. ಅವರು ಮುಚ್ಚಳ ತೆಗೆದು ಮೂಸಿ ನೋಡಿ, “ಡಬ್ಬಿ ವಾಪಸ್ ಕೊಡಬೇಕಾ ಅಮ್ಮ?” ಎಂದು ಕೇಳಿದರಂತೆ.

ಅಮ್ಮನಿಗೆ ನಾನು ಕೊಟ್ಟ ಕೊಳವೆಯೊಂದು ಉಳಿದಿದೆ. ಹಚ್ಚಿಕೊಳ್ಳುವಂತಿಲ್ಲ, ಹಸಿರು ಬುಟ್ಟಿಗಾಗಲಿ ಚೀಲಕ್ಕಾಗಲಿ ಅದು ಸಲ್ಲದು. ಕೆಂಪು ಬುಟ್ಟಿಗೆ ಹಾಕಲು ಕೈ ಬರುವುದಿಲ್ಲ. ಅದನ್ನು ಅದೇ ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನಲ್ಲಿಯೇ ಇಟ್ಟಿದ್ದೇನೆ.